ಅಡಿಕೆ ತೋಟದಲ್ಲಿ ಕಾಫಿ ಬೆಳೆ



ಸೋಂದಾ, ಹುಲೇಕಲ್ ಕಡೆಯ ತೋಟಗಳಲ್ಲಿ ಈಗ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ ಎದುರಾಗುತ್ತದೆ: ಅಡಿಕೆಯ ನಡುವೆ ಕಾಫಿ ಹಾಕಬಹುದೇ? ಸಿದ್ದಾಪುರ, ಯಲ್ಲಾಪುರಗಳಲ್ಲಿಯೂ ಇದೇ ಮಾತು. ಈ ಪ್ರಶ್ನೆ ಇಷ್ಟು ಜೋರಾಗಿ ಕೇಳಿಬರಲು ಕಾರಣ ಎರಡು. 2024 ಮತ್ತು 2025ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಮೇಲೇರಿತು. ಅದನ್ನು ಕೇಳಿದವರಿಗೆಲ್ಲ ಆಸೆ ಹುಟ್ಟಿತು. ಇತ್ತ ಅಡಿಕೆಗೆ ಹಳೆಯ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಬಂದು ಸೇರಿ, ಒಂದೇ ಬೆಳೆಯನ್ನು ನಂಬಿ ಮಗಳ ಮದುವೆ, ಮಗನ ಓದು, ಸೊಸಾಯಿಟಿಯ ಸಾಲ ಎಲ್ಲವನ್ನೂ ಹೊಂದಿಸುತ್ತಿದ್ದ ಮನೆಗಳಲ್ಲಿ ಆತಂಕ ಕಾಲಿಟ್ಟಿತು. ಆಸೆಯೂ ಆತಂಕವೂ ಕೂಡಿ ಬಂದಾಗ ಮನುಷ್ಯ ಲೆಕ್ಕ ಮಾಡುವುದನ್ನು ಬಿಟ್ಟುಬಿಡುತ್ತಾನೆ. ಆ ಲೆಕ್ಕವನ್ನು ಇಂದು ತಮ್ಮೊಡನೆ ಕುಳಿತು ಮಾಡೋಣವೆಂದು ಈ ಮಾತು.

ಪ್ರಶ್ನೆಗೆ ನನ್ನ ಉತ್ತರ, ಹಾಕಬಹುದು. ಆದರೆ ಸಸಿ ಎಷ್ಟು ಬೇಕೆಂದು ಎಣಿಸುವ ಮೊದಲು ತಮ್ಮ ಮನೆಯ ಅಂಗಳವನ್ನು ಒಮ್ಮೆ ಅಳೆದು ನೋಡಿ. ಹೀಗೇಕೆ ಹೇಳುತ್ತೇನೆಂಬುದು ಮುಂದೆ ತಿಳಿಯುತ್ತದೆ.

ಅಡಿಕೆ ತೋಟದೊಳಗೆ ಇನ್ನೊಂದು ಬೆಳೆ ಎಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿದ್ದಾರೆ. ನಮ್ಮ ತೋಟಗಳು ಎಂದೂ ಬರೀ ಅಡಿಕೆಯ ತೋಟಗಳಾಗಿರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರಕಾರದ ವೈದ್ಯ ಈ ಸೋಂದಾ ಸೀಮೆಯನ್ನು ಹಾದುಹೋದಾಗ, ಇಲ್ಲಿಯ ತೋಟಗಳಲ್ಲಿ ಅಡಿಕೆ, ಕಾಳುಮೆಣಸು, ವೀಳ್ಯದೆಲೆ, ಏಲಕ್ಕಿ ಒಂದೇ ನೆಲದಲ್ಲಿ ಬೆಳೆಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ ಸೋಂದೆಯ ಅರಸರ ಕಾಲದಲ್ಲಿ, ಕಾರವಾರದಲ್ಲಿದ್ದ ಇಂಗ್ಲಿಷರ ಕೋಠಿಯವರು ಕಾಯುತ್ತಿದ್ದುದು ಘಟ್ಟದ ಮೇಲಿನ ಇದೇ ಮೆಣಸಿಗಾಗಿ. ಹಾಗಾಗಿ ಮಿಶ್ರ ಬೆಳೆಯ ವಿದ್ಯೆಯನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಾಫಿಯೂ ನಮ್ಮ ಮನೆಗಳಿಗೆ ತೀರ ಅಪರಿಚಿತವಲ್ಲ. ಎಷ್ಟೋ ಹಳೆಯ ತೋಟಗಳ ಅಂಚಿನಲ್ಲಿ ಮನೆಖರ್ಚಿಗೆಂದು ನಾಲ್ಕು ಗಿಡಗಳಿವೆ. ಹಣ್ಣಾದಾಗ ಮಂಗ ತಿಂದು ಉಳಿದದ್ದನ್ನು ಅಜ್ಜಿ ಒಣಗಿಸಿ, ಹುರಿದು, ಕುಟ್ಟಿ ಪುಡಿ ಮಾಡುತ್ತಿದ್ದಳು. ನಾಲ್ಕು ಗಿಡದ ಕಾಫಿಗೂ ಮಾರಾಟದ ಕಾಫಿಗೂ ಬಹಳ ವ್ಯತ್ಯಾಸವಿದೆ, ಅಷ್ಟೇ.

ಮೊದಲು ಯಾವ ಕಾಫಿ ಎಂಬುದನ್ನು ತೀರ್ಮಾನಿಸೋಣ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಜಾತಿ. ಅರೇಬಿಕಾಕ್ಕೆ ಎತ್ತರದ ತಂಪು ನೆಲ ಬೇಕು. ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲೆ ಅದು ಸುಖವಾಗಿರುತ್ತದೆ. ನಮ್ಮ ಶಿರಸಿ ಸೀಮೆ ಇರುವುದು ಸುಮಾರು 600 ಮೀಟರಿನ ಎತ್ತರದಲ್ಲಿ. ಇಲ್ಲಿಯ ಬಿಸಿಲಿನಲ್ಲಿ ಅರೇಬಿಕಾ ಹಾಕಿದರೆ ಬಿಳಿ ಕಾಂಡಕೊರಕ ಹುಳು ಔತಣಕ್ಕೆ ಬಂದಂತೆ ಬರುತ್ತದೆ. ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನೇ ಒಣಗಿಸುವ ಆ ಹುಳಕ್ಕೆ, ಗಿಡವನ್ನು ಕಿತ್ತು ಸುಡುವುದಲ್ಲದೆ ಬೇರೆ ಉಪಾಯ ಕಡಿಮೆ. ರೋಬಸ್ಟಾಕ್ಕೆ ಈ ಹುಳದ ಕಾಟವಿಲ್ಲವೆಂದೇ ಹೇಳಬಹುದು. ಎಲೆತುಕ್ಕು ರೋಗವನ್ನೂ ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. 500ರಿಂದ 1,000 ಮೀಟರಿನ ಎತ್ತರ ಅದಕ್ಕೆ ಒಗ್ಗುತ್ತದೆ. ಆದ್ದರಿಂದ ನಮ್ಮ ತೋಟಕ್ಕೆ ರೋಬಸ್ಟಾವೇ ಸರಿ. ಅದರಲ್ಲಿಯೂ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕೊಟ್ಟಿರುವ ಎಸ್. 274 ಎಂಬ ತಳಿ, ಮತ್ತು ಸಿ × ಆರ್ ಎಂದು ಕರೆಯುವ ಕಾಂಜೆನ್ಸಿಸ್-ರೋಬಸ್ಟಾ ಮಿಶ್ರತಳಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಸಿ × ಆರ್ ಗಿಡ ಸ್ವಲ್ಪ ಗಿಡ್ಡವಾಗಿ ಒತ್ತಾಗಿ ಬೆಳೆಯುವುದರಿಂದ ಅಡಿಕೆಯ ನಡುವೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ.

ರೋಬಸ್ಟಾದ ಒಂದು ಗುಣ ತಮಗೆ ಗೊತ್ತಿರಬೇಕು. ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವ ಶಕ್ತಿ ಅದಕ್ಕಿಲ್ಲ. ಬೇರೆ ಗಿಡದ ಪರಾಗ ಬರಬೇಕು. ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ತುಡುವೆ ಜೇನಿನ ಪೆಟ್ಟಿಗೆ ಇಡುವುದು ನಮ್ಮ ಸೀಮೆಗೆ ಹೊಸದಲ್ಲ. ಕಾಫಿ ಹಾಕಿದವರು ತೋಟದಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡರೆ ಜೇನುತುಪ್ಪ ಬಿಟ್ಟಿ, ಕಾಯಿಯೂ ಹೆಚ್ಚು. ಹೂ ಅರಳಿದ ದಿನಗಳಲ್ಲಿ ಮಾತ್ರ ಯಾವ ಔಷಧವನ್ನೂ ಹೊಡೆಯಬಾರದು.

ಇನ್ನು ಎಷ್ಟು ಗಿಡ ಎಂಬ ಮಾತು. ಒಂಬತ್ತು ಅಡಿಗೆ ಒಂದರಂತೆ ಅಡಿಕೆ ಹಾಕಿದ ತೋಟದಲ್ಲಿ ಎಕರೆಗೆ ಸುಮಾರು 540 ಮರ ಬರುತ್ತದೆ. ನಾಲ್ಕು ಮರಗಳ ನಡುಮಧ್ಯಕ್ಕೆ ಒಂದೊಂದು ಕಾಫಿ ಗಿಡ ಇಟ್ಟರೆ ಅಷ್ಟೇ ಕಾಫಿ ಗಿಡವೂ ಹಿಡಿಸುತ್ತದೆ. ಹಾಗೆ ಎಲ್ಲ ಸಾಲಿಗೂ ಹಾಕಿದ ತೋಟಗಳನ್ನು ನಾನು ನೋಡಿದ್ದೇನೆ. ಐದು ವರ್ಷದ ಮೇಲೆ ಅಲ್ಲಿ ಕೊನೆಗೌಡನಿಗೆ ನಿಲ್ಲಲು ಜಾಗವಿರುವುದಿಲ್ಲ, ಬಿದ್ದ ಅಡಿಕೆ ಆರಿಸಲು ಬಗ್ಗುವುದಕ್ಕಾಗುವುದಿಲ್ಲ, ಕಾದಿಗೆ ತೆಗೆಯುವ ಆಳು ಗೊಣಗುತ್ತಾನೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಿ. ಎಕರೆಗೆ 270 ಗಿಡ ಸಾಕು. ಕೊಯ್ಲಿಗೂ ಗೊಬ್ಬರಕ್ಕೂ ಓಡಾಡಲು ಒಂದು ಓಣಿ ಉಳಿಯುತ್ತದೆ. ಹತ್ತಿರ ಹತ್ತಿರ ಮರ ಹಾಕಿದ ಹಳೆಯ ತೋಟವಾದರೆ ಇನ್ನೂ ಕಡಿಮೆ.

ಸೋಂದೆಯ ಹತ್ತಿರದ ಒಬ್ಬ ಹಿರಿಯ ಕೃಷಿಕರು ನನ್ನನ್ನು ಕೇಳಿದರು: "ಅಲ್ಲ ತಮಾ, ಬುಡದಲ್ಲಿ ಕಾಫಿ ಕೂತ್ಕೊಂಡರೆ ಅಡಿಕೆ ಸೊರಗ್ತಿಲ್ಯ?" ಸರಿಯಾದ ಪ್ರಶ್ನೆ. ಕಾಫಿಯ ಬೇರು ಹರಡುವುದು ಮೇಲುಮಣ್ಣಿನಲ್ಲಿ. ಅಡಿಕೆಯ ಉಣ್ಣುವ ಬೇರು ಇರುವುದೂ ಅಲ್ಲಿಯೇ. ಒಂದೇ ಬಟ್ಟಲಿನಲ್ಲಿ ಇಬ್ಬರು ಊಟಕ್ಕೆ ಕೂತರೆ ಬಡಿಸುವವರು ಎರಡು ಪಾಲು ಬಡಿಸಬೇಕು. ಅಡಿಕೆಗೆಂದು ಹಾಕುವ ಗೊಬ್ಬರದಲ್ಲಿಯೇ ಕಾಫಿಯೂ ಬದುಕಿಕೊಳ್ಳಲಿ ಎಂದರೆ ಅಡಿಕೆ ಸೊರಗುತ್ತದೆ, ಅನುಮಾನವಿಲ್ಲ. ಕಾಫಿ ಗಿಡದ ಬುಡಕ್ಕೆ ಬೇರೆಯಾಗಿಯೇ ಕೊಟ್ಟಿಗೆ ಗೊಬ್ಬರ, ದರಕಿನ ಮುಚ್ಚಿಗೆ ಕೊಡತಕ್ಕದ್ದು. ಇದಕ್ಕೆ ಒಪ್ಪುವವರು ಮಾತ್ರ ಕಾಫಿ ಹಾಕಲಿ.

ಇಲ್ಲಿ ಸೊಪ್ಪಿನ ಬೆಟ್ಟದ ಮಾತು ಬಂತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ನಮ್ಮ ಜಿಲ್ಲೆಯ ಘಟ್ಟದ ಮೇಲಿನ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಬಂದದ್ದು. ಕಾಫಿಯ ಬೆಲೆ ಏರಿದ ಮೇಲೆ ಕೆಲವರ ಕಣ್ಣು ಬೆಟ್ಟದ ಮೇಲೆ ಬಿದ್ದಿದೆ: ನೆರಳೂ ಇದೆ, ಜಾಗವೂ ಇದೆ, ಅಲ್ಲಿಯೇ ಕಾಫಿ ಹಾಕಿದರೇನು ಎಂದು. ಹಾಕಬೇಡಿ. ಬೆಟ್ಟ ಅರಣ್ಯ ಭೂಮಿ. ನಮಗಿರುವ ಹಕ್ಕು ಸೊಪ್ಪು, ದರಕು, ಕರಡಕ್ಕೆ. ಕಾನೂನಿನ ಮಾತು ಹಾಗಿರಲಿ, ಬೆಟ್ಟ ಬೋಳಾದ ತೋಟಕ್ಕೆ ಗೊಬ್ಬರವೂ ಇಲ್ಲ, ಬೇಸಿಗೆಯಲ್ಲಿ ಒರತೆಯೂ ಇಲ್ಲ. ಬೆಟ್ಟದ ಕಾಫಿಗಾಗಿ ತೋಟದ ಅಡಿಕೆಯನ್ನು ಪಣಕ್ಕಿಟ್ಟಂತಾಗುತ್ತದೆ.

ನಾಟಿಯ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಗಿಡ ನೆಡುವುದು ತಮಗೆ ಗೊತ್ತಿಲ್ಲದ ಕೆಲಸವಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಗೊಬ್ಬರ ಬೆರೆಸಿದ ಮೇಲುಮಣ್ಣಿನಿಂದ ಮುಚ್ಚಿ, ಮುಂಗಾರಿನ ಆರಂಭದಲ್ಲಾಗಲಿ, ಜಡಿಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಾಗಲಿ ನೆಡಬಹುದು. ನಮ್ಮಲ್ಲಿ ಮಳೆ ಸುಮಾರು 100 ಅಂಗುಲ. ಜುಲೈ ತಿಂಗಳ ಹೊಡೆತಕ್ಕೆ ಎಳೆಯ ಸಸಿ ಸಿಕ್ಕದಂತೆ ನೋಡಿಕೊಳ್ಳಿ. ಬುಡದಲ್ಲಿ ನೀರು ನಿಂತರೆ ಕಾಫಿ ಬದುಕುವುದಿಲ್ಲ, ಆದ್ದರಿಂದ ಕಾದಿಗೆ ಸ್ವಚ್ಛವಿರಬೇಕು. ಗಿಡ ನಾಲ್ಕು ಅಡಿ ಎತ್ತರವಾದಾಗ ತುದಿ ಚಿವುಟಿ ನಿಲ್ಲಿಸಬೇಕು. ಅನಂತರ ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರುಗಳನ್ನು, ಕೊಡಗಿನವರು ಕಂಬಚಿಗುರು ಎನ್ನುತ್ತಾರೆ, ಎಳೆಯದಿರುವಾಗಲೇ ಕೀಳುತ್ತಿರಬೇಕು. ಬಿಟ್ಟರೆ ಗಿಡ ಅಡಿಕೆಯೊಡನೆ ಎತ್ತರದ ಪಂದ್ಯಕ್ಕೆ ನಿಲ್ಲುತ್ತದೆ. ಹಣ್ಣು ಕೊಯ್ಯಲು ಏಣಿ ಬೇಕಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಮೊದಲ ಹಣ್ಣು, ಆರೇಳು ವರ್ಷಕ್ಕೆ ನಿಂತ ಫಸಲು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ರೋಬಸ್ಟಾದ ಮೊಗ್ಗು ಚಳಿಗಾಲದ ಒಣಹವೆಯಲ್ಲಿ ಮಲಗಿರುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಒಂದು ಅಂಗುಲಕ್ಕೂ ಮಿಕ್ಕ ಒಳ್ಳೆಯ ಮಳೆ ಬಿದ್ದರೆ, ಅಥವಾ ನಾವು ಅಷ್ಟು ನೀರು ಕೊಟ್ಟರೆ, ಎಂಟು ದಿನದೊಳಗೆ ತೋಟವೆಲ್ಲ ಮಲ್ಲಿಗೆ ಚೆಲ್ಲಿದಂತೆ ಹೂವಾಗುತ್ತದೆ. ಇದಕ್ಕೆ ಹೂಮಳೆ ಎನ್ನುತ್ತಾರೆ. ಅದಾಗಿ ಸುಮಾರು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಅಥವಾ ನೀರು ಬೇಕು. ಇಲ್ಲವಾದರೆ ಕಟ್ಟಿದ ಕಾಯಿ ಉದುರುತ್ತದೆ. ಅರ್ಧಂಬರ್ಧ ನೀರು ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮೊಗ್ಗು ಎಚ್ಚರಗೊಂಡು, ಅರಳಲಾರದೆ, ಹಸಿರಾಗಿಯೇ ಸುಟ್ಟುಹೋಗುತ್ತದೆ. ಆ ಹೊತ್ತಿಗೆ ಕೆರೆಯಲ್ಲಿ, ಬಾವಿಯಲ್ಲಿ ನೀರೆಷ್ಟಿರುತ್ತದೆ, ಅಡಿಕೆಗೆ ಎಷ್ಟು ಬೇಕು, ಉಳಿಯುವುದೆಷ್ಟು ಎಂಬುದನ್ನು ಈ ಬೇಸಿಗೆಯಲ್ಲಿಯೇ ಕಣ್ಣಾರೆ ನೋಡಿ, ಆಮೇಲೆ ಸಸಿಗೆ ಮುಂಗಡ ಕೊಡಿ.

ರೋಗಗಳ ಪೈಕಿ ಒಂದರ ಹೆಸರು ಕೇಳಿದರೆ ತಮಗೆ ಸೋಜಿಗವೆನಿಸಬಹುದು. ಮಳೆಗಾಲದಲ್ಲಿ ಕಾಫಿಯ ಎಲೆ, ಕಾಯಿಗಳು ಕಪ್ಪಾಗಿ ಕೊಳೆತು, ಉದುರದೆ, ಜೇಡನ ಬಲೆಯಂಥ ಎಳೆಗೆ ಜೋತುಬೀಳುವ ರೋಗವೊಂದಿದೆ. ಅದನ್ನು ತರುವ ಬೂಸ್ಟಿಗೆ 1876ರಲ್ಲಿ ವಿಲಾಯಿತಿಯ ವಿಜ್ಞಾನಿ ಕುಕ್ ಎಂಬಾತ ಇಟ್ಟ ಹೆಸರಿನಲ್ಲಿಯೇ ನಮ್ಮ ಕನ್ನಡದ 'ಕೊಳೆರೋಗ' ಎಂಬ ಮಾತು ಸೇರಿದೆ. ಇಂದಿಗೂ ಜಗತ್ತಿನ ಕಾಫಿ ಪುಸ್ತಕಗಳಲ್ಲಿ ಆ ಕನ್ನಡ ಮಾತು ನಿಂತಿದೆ. ನಮ್ಮ ಅಡಿಕೆಯ ಕೊಳೆ ಬೇರೆ, ಅದರ ಬೂಸ್ಟು ಬೇರೆ. ಅಡಿಕೆಯ ಕೊಳೆಯನ್ನು ಆಳವಾಗಿ ಪರೀಕ್ಷಿಸಿ 1910ರಲ್ಲಿ ವರದಿ ಬರೆದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಹುಟ್ಟಿದ್ದೂ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕಾಲದಲ್ಲಿಯೇ. ಅಡಿಕೆಯೂ ಕಾಫಿಯೂ ಆ ಮಹನೀಯರ ಋಣದಲ್ಲಿವೆ.

ಕೊಳೆಯ ವಿಷಯ ಯಾಕೆ ಎತ್ತಿದೆನೆಂದರೆ, ನಮ್ಮ ಕಣಿವೆಯ ತೋಟಗಳ ಥಂಡಿಗೆ ಈ ಕಪ್ಪು ಕೊಳೆ ಬಹಳ ಇಷ್ಟ. ಕಾಫಿ ಗಿಡದ ನೆತ್ತಿಯ ಮೇಲೆ ಬಿದ್ದ ಸೋಗೆ, ಹಾಳೆಗಳನ್ನು ಮಳೆಗಾಲದಲ್ಲಿ ಹಾಗೆಯೇ ಬಿಟ್ಟರೆ ಅದರಡಿಯಲ್ಲಿಯೇ ಕೊಳೆ ಶುರುವಾಗುತ್ತದೆ. ತೋಟಕ್ಕೆ ಹೋದಾಗಲೆಲ್ಲ ಎತ್ತಿ ಬುಡಕ್ಕೆ ಹಾಕಿ. ಗಿಡದ ನಡುವಿನ ಒತ್ತು ರೆಂಬೆಗಳನ್ನು ಮಳೆಗೆ ಮೊದಲೇ ಬಿಡಿಸಿ, ಗಾಳಿ ಬೆಳಕು ಆಡುವಂತೆ ಮಾಡಿ. ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಕಾಫಿಯ ಮೇಲೂ ಹನಿಯುತ್ತದಲ್ಲ, ಅದೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಎಲೆಯ ರೋಗ ಒಳಹೊಗುವುದು ಎಲೆಯ ತಳಭಾಗದಿಂದ. ಮೇಲಿನಿಂದ ಬಿದ್ದ ಹನಿ ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನೊಂದು ಶತ್ರು ಕಾಯಿಕೊರಕ. ಸಾಸಿವೆಗಿಂತ ಕೊಂಚ ದೊಡ್ಡದಿರುವ ಕರಿಯ ದುಂಬಿ ಇದು. ಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಬೀಜದೊಳಗೆ ಸಂಸಾರ ಹೂಡುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಅಲ್ಲಿಂದ ಕೊಡಗು, ಚಿಕ್ಕಮಗಳೂರಿಗೆ ಹಬ್ಬಿತು. ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಬಿದ್ದ ಕಾಯಿ, ಸರಿಯಾಗಿ ಒಣಗದ ಚೀಲ, ಈ ಮೂರೇ ಅದರ ಮನೆ. ಕೊಯ್ಲು ಮುಗಿದ ಮೇಲೆ ಒಂದು ಕಾಯಿಯನ್ನೂ ಬಿಡದೆ ಆರಿಸಬೇಕು. ತೂತುಬಿದ್ದ ಕಾಯಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು ಆಮೇಲೆ ಒಣಗಿಸಬೇಕು. ನಾಲ್ಕು ಗಿಡ ಹಾಕಿ ಮರೆತುಬಿಟ್ಟವನ ತೋಟವೇ ಊರಿಗೆಲ್ಲ ಹುಳು ಹಂಚುವ ಅಂಗಡಿಯಾಗುತ್ತದೆ. ರೆಂಬೆಗಳಲ್ಲಿ ಸಣ್ಣ ತೂತು ಬಿದ್ದು ಎಲೆ ಬಾಡಿದ್ದು ಕಂಡರೆ ಅದು ರೆಂಬೆಕೊರಕ. ತೂತಿನಿಂದ ಎರಡು ಮೂರು ಅಂಗುಲ ಹಿಂದಕ್ಕೆ ಕತ್ತರಿಸಿ ಸುಡಿ.

ಇನ್ನು ಅಂಗಳಕ್ಕೆ ಬರೋಣ.

ಇದಕ್ಕಾಗಿ ತಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕಾಗಿದೆ. ದಕ್ಷಿಣ ಅಮೆರಿಕ ಖಂಡದ ಕಾಫಿ ಎಂದರೆ ಎಲ್ಲರೂ ಬ್ರೆಜಿಲ್, ಕೊಲಂಬಿಯಾ ಎನ್ನುತ್ತಾರೆ. ಅದೇ ಖಂಡದಲ್ಲಿ ಸಮುದ್ರದ ದಂಡೆಯಿಲ್ಲದ ಬೊಲಿವಿಯಾ ಎಂಬ ದೇಶವಿದೆ. ಕರ್ನಾಟಕದ ಕಾಫಿ ಎಂದಾಗ ಕೊಡಗು, ಚಿಕ್ಕಮಗಳೂರು, ಹಾಸನ ಎಂದು ನಿಲ್ಲಿಸುವವರು ನಮ್ಮ ಸೋಂದೆಯನ್ನು ಹೇಗೆ ನೆನೆಯುವುದಿಲ್ಲವೋ, ಹಾಗೆಯೇ ಬೊಲಿವಿಯಾವನ್ನೂ ಯಾರೂ ನೆನೆಯುವುದಿಲ್ಲ. ಅಲ್ಲಿಯ ಸರಕಾರ ಕುಳಿತಿರುವ ಲಾ ಪಾಜ್ ನಗರದಿಂದ ಬೆಟ್ಟ ಇಳಿದರೆ ಯುಂಗಾಸ್ ಎಂಬ ಸೀಮೆ. ಕಡಿದಾದ ಇಳಿಜಾರು, ಮಂಜು, ಮಳೆ, ಕಾಡು. ಕಾರನಾವಿ ಎಂಬುದು ಅದರ ಮುಖ್ಯ ಪೇಟೆ. ದೊಡ್ಡ ಎಸ್ಟೇಟುಗಳಲ್ಲ, ಮನೆಮಂದಿಯೇ ದುಡಿಯುವ ಸಣ್ಣ ಸಣ್ಣ ಹಿಡುವಳಿಗಳಲ್ಲಿ, ಮರದ ನೆರಳಿನಲ್ಲಿ ಅರೇಬಿಕಾ ಬೆಳೆಯುತ್ತಾರೆ. ಎತ್ತರ ಇದೆ, ಮಣ್ಣು ಇದೆ, ಹಣ್ಣು ಉತ್ತಮ. ಆದರೂ ಬಹುಕಾಲ ಅವರ ಕಾಫಿಗೆ ಪೇಟೆಯಲ್ಲಿ ಒಳ್ಳೆಯ ಹೆಸರಿರಲಿಲ್ಲ.

ಕಾರಣ ಕೇಳಿ. ರೈತ ಹಣ್ಣು ಕೊಯ್ದು, ಸಿಪ್ಪೆ ಸುಲಿದು, ಬೀಜ ಇನ್ನೂ ಹಸಿಯಿರುವಾಗಲೇ ಚೀಲಕ್ಕೆ ತುಂಬಿ ವ್ಯಾಪಾರಿಗೆ ಕೊಟ್ಟುಬಿಡುತ್ತಿದ್ದ. ಮಳೆಯ ಸೀಮೆ, ಒಣಗಿಸಲು ಜಾಗವಿಲ್ಲ, ಕೈಗೆ ಕೂಡಲೇ ಕಾಸು ಬೇಕು. ಆ ಹಸಿ ಚೀಲಗಳು ಲಾರಿಯಲ್ಲಿ, 4,600 ಮೀಟರಿಗೂ ಎತ್ತರದ ಕಣಿವೆದಾರಿ ಹತ್ತಿ ಲಾ ಪಾಜ್ ಸೇರುವಷ್ಟರಲ್ಲಿ ಒಳಗೆ ಹುಳಿ ಬಂದು, ಬೂಸ್ಟು ಹಿಡಿದಿರುತ್ತಿತ್ತು. ಗಿಡ ಮಾಡಿದ ಒಳ್ಳೆಯದನ್ನು ಚೀಲ ಕೆಡಿಸುತ್ತಿತ್ತು. 2000ದ ಈಚೆಗೆ ರೈತರ ಸಂಘಗಳು ಊರಿನ ಹತ್ತಿರವೇ ಹಣ್ಣು ಸುಲಿದು ತೊಳೆದು ಒಣಗಿಸುವ ಕೇಂದ್ರಗಳನ್ನು ಮಾಡಿಕೊಂಡವು. ಕೆಂಪು ಹಣ್ಣನ್ನು ಮಾತ್ರ ತೆಗೆದುಕೊಳ್ಳುವ ಕಟ್ಟು ಮಾಡಿದವು. ಗಿಡ ಅದೇ, ನೆಲ ಅದೇ. 2004ರಲ್ಲಿ ಅಂತರರಾಷ್ಟ್ರೀಯ ತೀರ್ಪುಗಾರರು ರುಚಿ ನೋಡಿ ಆರಿಸುವ ಸ್ಪರ್ಧೆ ಬೊಲಿವಿಯಾದಲ್ಲಿ ನಡೆದಾಗ, ಆ ಸಣ್ಣ ರೈತರ ಕಾಫಿಗೆ ಹೊರದೇಶದ ಕೊಳ್ಳುವವರು ಸಾಮಾನ್ಯ ಬೆಲೆಯ ಎಷ್ಟೋ ಪಟ್ಟು ಕೊಟ್ಟರು.

ಆ ಕಥೆಯ ಇನ್ನರ್ಧವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2013ರ ಸುಮಾರಿಗೆ ಎಲೆತುಕ್ಕು ರೋಗ ಅಲ್ಲಿಯ ತೋಟಗಳನ್ನು ಹೊಡೆಯಿತು. ಬಹಳ ಜನ ಕಾಫಿ ಬಿಟ್ಟು ಕೋಕಾಕ್ಕೆ ಹೋದರು. ನಮ್ಮ ಅಡಿಕೆ ಪೇಟೆಯ ಕೋಕಾ ಅಲ್ಲ. ಅದೊಂದು ಎಲೆಬೆಳೆ, ವರ್ಷಕ್ಕೆ ಮೂರು ನಾಲ್ಕು ಕೊಯ್ಲು ಕೊಡುತ್ತದೆ, ಕೈಗೆ ಬೇಗ ಹಣ ಬರುತ್ತದೆ. ಒಣಗಿಸುವ ವಿದ್ಯೆ ಕಲಿತರೂ ರೋಗ ಕಾಯುವ ವಿದ್ಯೆ ಸಾಲದೇ ಹೋಯಿತು. ಅದಕ್ಕೇ ನಾನು ಮೊದಲು ರೋಗದ ಮಾತು ಹೇಳಿ ಆಮೇಲೆ ಅಂಗಳದ ಮಾತಿಗೆ ಬಂದದ್ದು.

ಈಗ ನಮ್ಮ ಮನೆಯ ಲೆಕ್ಕ. ರೋಬಸ್ಟಾ ಹಣ್ಣಾಗುವುದು ಜನವರಿಯಿಂದ ಮಾರ್ಚಿಯವರೆಗೆ. ಆ ಹೊತ್ತಿಗೆ ನಮ್ಮ ಅಂಗಳದಲ್ಲಿ ಏನಿರುತ್ತದೆ? ಚಾಲಿ ಮಾಡುವವರ ಮನೆಯಲ್ಲಿ ಸಿಪ್ಪೆಗೋಟು ಹರವಿರುತ್ತದೆ. ಅದು ಒಣಗಲು ಒಂದೂವರೆ ತಿಂಗಳು. ಅದರ ಬೆನ್ನಿಗೆ ಕಾಳುಮೆಣಸು. ಆಳುಗಳು ಒಂದೇ, ಅಂಗಳ ಒಂದೇ, ಬಿಸಿಲೂ ಒಂದೇ. ಹಾಗಾಗಿ ಏನು ಮಾಡುತ್ತೇವೆ? ಗಿಡದಲ್ಲಿ ಅರ್ಧ ಹಣ್ಣಾಗುವವರೆಗೆ ಕಾದು, ಹಸಿರು, ಹಳದಿ, ಕೆಂಪು, ಕಪ್ಪು ಎಲ್ಲವನ್ನೂ ಒಂದೇ ಸಲ ಉಜ್ಜಿ ತೆಗೆದು, ಮನೆಯ ಬಾಗಿಲಿಗೆ ಬಂದ ವ್ಯಾಪಾರಿಗೆ ಹಸಿ ಹಣ್ಣನ್ನೇ ತೂಗಿಬಿಡುತ್ತೇವೆ. "ಒಣಗಿಸಲು ಜಾಗವೆಲ್ಲಿದೆ ಮಾರಾಯರೇ" ಎನ್ನುತ್ತೇವೆ. ಇದು ಬೊಲಿವಿಯಾದ ಹಸಿ ಚೀಲವೇ ಅಲ್ಲವೇ?

ಜಾಗ ಎಷ್ಟು ಬೇಕೆಂದು ನೋಡೋಣ. ಒಂದು ಎಕರೆಯ 270 ಗಿಡ. ಗಿಡಕ್ಕೆ ಮೂರು ಕಿಲೋ ಹಣ್ಣೆಂದು ಕೈಬಿಗಿಹಿಡಿದೇ ಲೆಕ್ಕ ಹಾಕಿದರೂ ಸುಮಾರು ಎಂಟು ಕ್ವಿಂಟಲ್ ಹಣ್ಣು. ಕಾಫಿಯನ್ನು ಒಂದೂವರೆ ಅಂಗುಲದ ದಪ್ಪಕ್ಕೆ ಹರವಬೇಕು. ಆ ದಪ್ಪಕ್ಕೆ ಒಂದು ಚದರ ಮೀಟರ್ ಜಾಗದಲ್ಲಿ 20 ಕಿಲೋ ಹಿಡಿಸುತ್ತದೆ ಎನ್ನಿ. ಹಣ್ಣಾದದ್ದನ್ನು ಹಣ್ಣಾದಂತೆ ಮೂರು ಸಲ ಕೊಯ್ದರೆ, ದೊಡ್ಡ ಕೊಯ್ಲಿಗೆ ನಾಲ್ಕು ಕ್ವಿಂಟಲ್ ಬರಬಹುದು. ಅದಕ್ಕೆ ಬೇಕಾದದ್ದು 20 ಚದರ ಮೀಟರ್, ಅಂದರೆ ಹದಿನೈದು ಅಡಿ ಉದ್ದ, ಹದಿನೈದು ಅಡಿ ಅಗಲದ ಜಾಗ. ಎರಡು ವಾರದ ಬಿಸಿಲಿಗೆ ಅದು ಒಣಗಿ, ಮುಂದಿನ ಕೊಯ್ಲಿಗೆ ಅದೇ ಜಾಗ ತೆರವಾಗುತ್ತದೆ. ಹದಿನೈದು ಅಡಿ ಚೌಕ ಜಾಗವಿಲ್ಲದ ತೋಟಿಗರ ಮನೆ ನಮ್ಮ ಸೀಮೆಯಲ್ಲಿ ಎಷ್ಟಿವೆ? ನಾಲ್ಕು ಎಕರೆಗೆ ಹಾಕುವವರ ಮಾತು ಬೇರೆ. ಅವರು ಮೊದಲು ಸಿಮೆಂಟ್ ಅಂಗಳಕ್ಕೆ ದುಡ್ಡು ತೆಗೆದಿಡಲಿ, ಆಮೇಲೆ ಸಸಿಗೆ.

ಒಣಗಿಸುವಾಗ ಕೆಲವು ಸೂಕ್ಷ್ಮಗಳಿವೆ. ಸಗಣಿ ಸಾರಿಸಿದ ಅಂಗಳ ಅಡಿಕೆಗೆ ಸರಿ, ಕಾಫಿಗೆ ಸಲ್ಲದು. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಣ್ಣಿನ ತೇವಕ್ಕೆ ಬೂಸ್ಟೂ ಹಿಡಿಯುತ್ತದೆ. ಸಿಮೆಂಟ್ ನೆಲವಿದ್ದರೆ ಒಳ್ಳೆಯದು, ಇಲ್ಲವಾದರೆ ಶುದ್ಧವಾದ ಟಾರ್ಪಾಲು ಹಾಸಿ. ಅಡಿಕೆಯ ತಟ್ಟಿಗಳನ್ನು ಬಳಸುವುದಾದರೆ ಚೊಗರಿನ ಅಂಶ ಹೋಗುವಂತೆ ತೊಳೆದು ಒಣಗಿಸಿಕೊಳ್ಳಿ. ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ಗುಪ್ಪೆ ಮಾಡಿ ಮುಚ್ಚಬೇಕು. ನಮ್ಮ ಮಾಘದ ಇಬ್ಬನಿ ಒಂದು ದಿನದ ಬಿಸಿಲನ್ನು ಒಂದೇ ರಾತ್ರಿಯಲ್ಲಿ ನುಂಗುತ್ತದೆ. ಹಸಿರು ಕಾಯಿಗಳನ್ನು ಆರಿಸಿ ಬೇರೆಯಾಗಿಯೇ ಒಣಗಿಸಿ, ಬೇರೆಯಾಗಿಯೇ ಮಾರಿ. ಒಣಗಿತೇ ಎಂದು ತಿಳಿಯಲು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಕುಲುಕಿದರೆ ಗಲಗಲ ಎನ್ನಬೇಕು. ಅದು ಸಾಲದೆಂದಾದರೆ ಒಂದು ಡಬ್ಬಿಯ ಅಳತೆಯಷ್ಟು ಕಾಯಿಯನ್ನು ದಿನವೂ ತೂಗಿ ನೋಡಿ; ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆಯೆಂದು ಅರ್ಥ. ಚೀಲ ಕಟ್ಟಿದ ಮೇಲೆ ಹಲಗೆಯ ಮೇಲಿಡಿ. ಗೊಬ್ಬರ, ಮೈಲುತುತ್ತ, ಮೆಣಸು ಇರುವ ಕೋಣೆಯಲ್ಲಿ ಮಾತ್ರ ಇಡಬೇಡಿ.

ಮಾರಾಟದ ಲೆಕ್ಕವನ್ನೂ ಬಾಯಿಪಾಠ ಮಾಡಿಕೊಳ್ಳಿ. ನೂರು ಕಿಲೋ ಕೆಂಪು ಹಣ್ಣು ಒಣಗಿ 40ರಿಂದ 45 ಕಿಲೋ ಆಗುತ್ತದೆ. ಆ ಒಣಗಾಯಿಯ 50 ಕಿಲೋ ಚೀಲವೊಂದರಿಂದ ಸುಮಾರು 26 ಕಿಲೋ ಬೀಜ ಬರಬೇಕು. ಇದಕ್ಕೆ ವ್ಯಾಪಾರದಲ್ಲಿ ಔಟ್‌ಟರ್ನ್ ಎನ್ನುತ್ತಾರೆ. ಒಣಗಾಯಿಯ ಬೆಲೆ ನಿಲ್ಲುವುದು ಇದರ ಮೇಲೆ. ಹಸಿರು ಕಾಯಿ ಬೆರೆತರೆ ಬೀಜ ಸುಕ್ಕಿ, ತೂಕ ಇಳಿದು, ಈ ಅಂಕಿ ಕೆಳಗೆ ಹೋಗುತ್ತದೆ. ಯಾರಾದರೂ ಹಸಿ ಹಣ್ಣಿಗೆ ಬೆಲೆ ಹೇಳಿದರೆ, ಅದನ್ನು ನೂರರಿಂದ ಗುಣಿಸಿ. ಅಂದಿನ ಒಣಗಾಯಿಯ ಕಿಲೋ ಬೆಲೆಯನ್ನು 42ರಿಂದ ಗುಣಿಸಿ. ಎರಡನ್ನೂ ಪಕ್ಕದಲ್ಲಿಟ್ಟು, ಎರಡು ವಾರದ ಕೈಕೆಲಸಕ್ಕೆ ಎಷ್ಟು ಸಿಗುತ್ತದೆಂದು ನೋಡಿ, ಮನೆಯವರೆಲ್ಲ ಕೂತು ತೀರ್ಮಾನಿಸಿ. ಹೂ ಕಂಡ ಕೂಡಲೇ ಫಸಲನ್ನು ಗುತ್ತಿಗೆ ಕೊಡುವವರಿಗೆ ಈ ಲೆಕ್ಕ ಮಾಡುವ ಅವಕಾಶವೇ ಇರುವುದಿಲ್ಲ.

ಬೆಲೆ ಹೀಗೆಯೇ ಇರುತ್ತದೆಯೇ ಎಂಬುದಕ್ಕೆ ಹಳೆಯ ದಾಖಲೆ ನೋಡಿದರೆ ಸಾಕು. 1996ರವರೆಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಉಳಿದಿತ್ತು. ಆಮೇಲೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಂದಿನಿಂದ ಬ್ರೆಜಿಲ್ಲಿನ ಹಿಮ, ವಿಯೆಟ್ನಾಮಿನ ಬರ ನಮ್ಮ ಮನೆಯ ಬಾಗಿಲಿಗೇ ಬಂದು ಮಾತಾಡುತ್ತವೆ. ವಿಯೆಟ್ನಾಂ ವಿಪರೀತ ಬೆಳೆದಾಗ, 2001-02ರಲ್ಲಿ ಬೆಲೆ ಎಷ್ಟು ಕುಸಿಯಿತೆಂದರೆ ಕೊಡಗಿನಲ್ಲಿ ಕೊಯ್ಲಿನ ಕೂಲಿ ಹುಟ್ಟುವುದೇ ಕಷ್ಟವಾಗಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ಕಾಯಿ ಬಂಗಾರವಾಯಿತು. ಇಂದು ನೆಟ್ಟ ಸಸಿ ಫಸಲು ಕೊಡುವುದು ಆರು ವರ್ಷಕ್ಕೆ. ಆಗಿನ ಬೆಲೆಯನ್ನು ಇಂದೇ ಎಣಿಸಿಕೊಂಡು ಸಾಲ ಮಾಡುವುದು ಬೇಡ. ಅಡಿಕೆ ಕಡಿದು ಕಾಫಿ ಹಾಕುವ ಯೋಚನೆಯಂತೂ ಬೇಡವೇ ಬೇಡ. ಇರುವ ಅಡಿಕೆಯ ನೆರಳಿನಲ್ಲಿ, ಇರುವ ನೀರಿಗೆ ತಕ್ಕಷ್ಟು, ಮನೆಮಂದಿ ಮೂರು ಸಲ ಕೊಯ್ಯಲಾಗುವಷ್ಟು, ಅಷ್ಟೇ ಹಾಕಿ. ಮೊದಲ ವರ್ಷ ಅರ್ಧ ಎಕರೆಯಲ್ಲಿ ಪ್ರಯೋಗ ಮಾಡಿ ನೋಡುವುದಕ್ಕೆ ಯಾರೂ ನಗುವುದಿಲ್ಲ.

ಸಸಿಯ ವಿಷಯ. ಬೆಲೆ ಏರಿದ ವರ್ಷ ಸಂತೆಯಲ್ಲಿ, ರಸ್ತೆಬದಿಯಲ್ಲಿ ಎಲ್ಲಿ ನೋಡಿದರೂ ಕಾಫಿ ಸಸಿ ಮಾರಾಟಕ್ಕಿರುತ್ತದೆ. ಅದು ಯಾವ ತಳಿ, ಯಾವ ಗಿಡದ ಬೀಜ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಕಾಫಿ ಮಂಡಳಿಯ ಬಿತ್ತನೆ ಬೀಜಕ್ಕೆ ಮಳೆಗಾಲದಲ್ಲಿಯೇ ಬೇಡಿಕೆ ಸಲ್ಲಿಸಿದರೆ, ಚಳಿಗಾಲದಲ್ಲಿ ಬೀಜ ಕೈಸೇರುತ್ತದೆ. ಮರಳಿನ ಮಡಿಯಲ್ಲಿ ಮೊಳಕೆ ಬರಿಸಿ, ಟೊಪ್ಪಿಯಂತೆ ಬೀಜ ಹೊತ್ತು ನಿಂತ ಮೊಳಕೆಗಳನ್ನು ಚೀಲಕ್ಕೆ ವರ್ಗಾಯಿಸಿ, ಮೇಲೆ ಅಡಿಕೆಯ ಸೋಗೆಯ ಚಪ್ಪರ ಹಾಕಿ ದಿನಕ್ಕೊಮ್ಮೆ ನೀರು ಚಿಮುಕಿಸಿದರೆ, ಮುಂದಿನ ಮಳೆಗಾಲಕ್ಕೆ ನಾಟಿಗೆ ಸಿದ್ಧ. ನಾಲ್ಕೈದು ಮನೆಯವರು ಕೂಡಿ ಒಂದೇ ಕಡೆ ಮಡಿ ಮಾಡಿದರೆ ಖರ್ಚೂ ಕಡಿಮೆ. ಬೀಜವನ್ನು ಬಹಳ ದಿನ ಇಟ್ಟರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಂದ ವಾರದಲ್ಲಿಯೇ ಬಿತ್ತಿಬಿಡಿ.